ಅರ್ಧ ಕದ್ದ ಕಳ್ಳ

ಮಿಸ್‌ಗೆ,

ಪ್ರೀತಿಯ, ಪೂಜ್ಯ, ಮಾನ್ಯ, ಯಾವುದನ್ನೂ ಹಾಕಿಲ್ಲ. ಈಗ ನನಗಿರುವ ಸಿಟ್ಟಿಗೆ ಅವು ಯಾವುವೂ ಹೊಂದುವುದಿಲ್ಲ. ಓದಿ ಮುಗಿಸಿದ ಮೇಲೆ ನಿಮಗೆ ಸರಿ ಅನ್ನಿಸಿದ್ದನ್ನು ನೀವೇ ಸೇರಿಸಿಕೊಳ್ಳಿ.

ನಿಮ್ಮ ವಾಯ್ಸ್ ಮೆಸೇಜ್ ಬಂತು. ಕಾಲೇಜಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದುಕೊಂಡು ಕ್ಯೂನಲ್ಲಿ ನಿಂತು ಕೇಳಿದೆ. "ಏನಮ್ಮಾ ಇನ್ಸ್‌ಪೆಕ್ಟರ್, ಹೇಗಿದ್ದೀಯಾ? ಫಿಸಿಕ್ಸೇ ತಗೊಂಡ್ಯಂತೆ, ಕೇಳಿ ಎಷ್ಟು ಖುಷಿ ಆಯ್ತು ಗೊತ್ತಾ! ಮುಂದಿನ ತಿಂಗಳು ಸ್ಕೂಲಿಗೆ ಹಳೇ ಸ್ಟೂಡೆಂಟ್ಸ್ ಎಲ್ಲಾ ಬರ್ತಿದ್ದಾರೆ, ನೀನೂ ಬಾ. ಬಂದು ನಮ್ಮ ಮಕ್ಕಳಿಗೆ ಎರಡು ಮಾತು ಹೇಳು, ಸ್ವಲ್ಪ ಮೋಟಿವೇಟ್ ಆಗ್ಲಿ. ಈಗಿನ ಮಕ್ಕಳಿಗೆ ಯಾವುದ್ರಲ್ಲೂ ಇಂಟರೆಸ್ಟೇ ಇಲ್ಲ ನೋಡು."

ಇಂಟರೆಸ್ಟೇ ಇಲ್ಲವಂತೆ. ಬೇರೆ ಯಾರಾದರೂ ಹೇಳಿದ್ದರೆ ಹೂಂ ಅಂದು ಸುಮ್ಮನಾಗುತ್ತಿದ್ದೆ. ನೀವು ಹೇಳಿದಿರಿ. ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ರೂಮಿಗೆ ಬಂದೆ. ಮೆಸೇಜಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ಬೆರಳು ತಾನಾಗಿಯೇ "ಥ್ಯಾಂಕ್ಯೂ ಮಿಸ್, ಶ್ಯೂರ್ ಮಿಸ್" ಎಂದು ಟೈಪ್ ಮಾಡಿಬಿಡುತ್ತದೆ. ಹಾಸ್ಟೆಲ್ ನಮಗೆ ಕಲಿಸಿದ್ದು ಅದನ್ನೇ ತಾನೆ, ಇಂಗ್ಲಿಷಿನಲ್ಲಿ ವಿಧೇಯರಾಗಿರುವುದನ್ನು. ನನ್ನ ಸಿಟ್ಟು ಮಾತ್ರ ಇನ್ನೂ ಮನೆಮಾತಿನಲ್ಲೇ ಉಳಿದಿದೆ. ನೀವೂ ಹಾಗೆಯೇ ಇದ್ದಿರಲ್ಲ, ಕಾರಿಡಾರಿನಲ್ಲಿ ಇಂಗ್ಲಿಷ್, ಕ್ಲಾಸಿನ ಬಾಗಿಲು ಹಾಕಿಕೊಂಡ ಮೇಲೆ ಮನೆಮಾತು. ಹಾಗಾಗಿ ಕಾಗದದ ಮೇಲೆ, ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ನುಂಗಿಕೊಳ್ಳಿ.

ಮೊದಲು ನೀವು ನನಗೆ ಏನು ಮಾಡಿದಿರಿ ಎನ್ನುವುದನ್ನು ನಿಮಗೇ ನೆನಪಿಸುತ್ತೇನೆ. ನಿಮಗೆ ಮರೆತಿರಬಹುದು ಎಂದು ಇತ್ತೀಚೆಗೆ ಅನುಮಾನ.

ಅಪ್ಪ ಹಡಗಿನಲ್ಲಿ, ಅಮ್ಮ ಆಸ್ಪತ್ರೆಯ ಪಾಳಿಯಲ್ಲಿ. ನನ್ನನ್ನು ನೋಡಿಕೊಳ್ಳುವವರು ಬೇಕಲ್ಲ, ಅದಕ್ಕೆ ಹಾಸ್ಟೆಲ್. ನಾನು ಎಂಥ ಹುಡುಗಿ ಅಂದರೆ ಸೈನ್ಸ್ ಪೀರಿಯಡ್ ಬಂತೆಂದರೆ ನನಗೆ ಹೊಟ್ಟೆನೋವು. ಸುಳ್ಳು ನೋವಲ್ಲ, ನಿಜವಾದದ್ದೇ. ಯಾರಾದರೂ ನನ್ನ ಹೆಸರು ಕರೆದು ಪ್ರಶ್ನೆ ಕೇಳಿಬಿಟ್ಟರೆ ಎನ್ನುವ ಭಯಕ್ಕೆ ಕರುಳು ಹಿಂಡುತ್ತಿತ್ತು. ಟಾಯ್ಲೆಟ್ಟಿಗೆ ಹೋಗುತ್ತೇನೆ ಎಂದು ಕೈ ಎತ್ತುವುದಕ್ಕೂ ಭಯ. ಕೈಯ ಉಗುರೆಲ್ಲ ಕಚ್ಚಿ ಮುಗಿದು ಪೆನ್ಸಿಲ್ ಕಚ್ಚುತ್ತಿದ್ದೆ. ಒಂಬತ್ತನೇ ತರಗತಿಗೆ ಹೊಸ ಫಿಸಿಕ್ಸ್ ಮಿಸ್ ಬರುತ್ತಾರೆ ಎಂದಾಗ ನನಗೆ ಅನ್ನಿಸಿದ್ದು ಇಷ್ಟೇ: ಹೆದರಿಸಲು ಇನ್ನೊಬ್ಬರು.

ನೀವು ಬಂದಿರಿ. ಹಾಜರಿ ಕೂಡ ಕರೆಯಲಿಲ್ಲ. ಕುರ್ತಾದ ತೋಳು ಮೇಲಕ್ಕೆ ಮಡಚಿ, ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬರೆದಿರಿ. ಆಮೇಲೆ ತಿರುಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ ಹೇಳಿದಿರಿ: "ಈ ಬೋರ್ಡಲ್ಲಿ ಒಬ್ಬ ಕಳ್ಳ ಅಡಗಿಕೊಂಡಿದ್ದಾನೆ. ಬೆಲ್ ಹೊಡೆಯೋದ್ರೊಳಗೆ ಹಿಡೀಬೇಕು. ಹಿಡಿದವ್ರು ಎದ್ದು ನಿಂತು ಜೋರಾಗಿ 'ಕಳ್ಳ' ಅಂತ ಕೂಗ್ಬೇಕು. ಕೈ ಎತ್ತೋದು, ಎಕ್ಸ್‌ಕ್ಯೂಸ್ ಮಿ ಅನ್ನೋದು, ಅವೆಲ್ಲಾ ನಡೆಯಲ್ಲ. ನೀವು ಎಕ್ಸ್‌ಕ್ಯೂಸ್ ಮಿ ಅನ್ನೋದ್ರೊಳಗೆ ಅವ್ನು ಕಾಂಪೌಂಡ್ ಹಾರಿರ್ತಾನೆ."

ಪ್ರತಿ ಪಾಠದಲ್ಲೂ ಒಂದು ತಪ್ಪು, ಬೇಕೆಂದೇ ಬರೆದದ್ದು. ಒಮ್ಮೆ ಚಿಹ್ನೆ ತಲೆಕೆಳಗು, ಒಮ್ಮೆ ಬಾಣದ ಗುರುತು ಆಚೆಗೆ. ಸರಿ ಇದ್ದ ಸಾಲನ್ನು ಯಾರಾದರೂ ಕಳ್ಳ ಅಂದರೆ ನೀವು ಎದೆ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಿರಿ. "ಅಯ್ಯೋ, ಸಂಸಾರವಂದಿಗನನ್ನ ಹಿಡ್ಕೊಂಡ್ ಬಂದ್ಯಲ್ಲೋ! ಸಾಕ್ಷಿ ಎಲ್ಲಿ, ಸಾಕ್ಷಿ?" ಸಾಕ್ಷಿ ಹುಡುಕಲು ಅವನು ಪಾಠವನ್ನೆಲ್ಲ ಮತ್ತೆ ಓದಬೇಕಾಗುತ್ತಿತ್ತು. ಪಾಠ ಮಾಡುತ್ತಿದ್ದೀರಿ ಎಂದು ನಮಗೆ ಗೊತ್ತೇ ಆಗದ ಹಾಗೆ ಮಾಡುತ್ತಿದ್ದಿರಿ.

ನಾನು ಮೊದಲು ಹಿಡಿದದ್ದು ಚಂದ್ರನ ಮೇಲಿನ ಕಲ್ಲನ್ನು. ಭೂಮಿಯಿಂದ ಒಯ್ದ ಕಲ್ಲಿನ ದ್ರವ್ಯರಾಶಿ ಅಲ್ಲಿ ಆರರಲ್ಲೊಂದು ಭಾಗ ಆಗುತ್ತದೆ ಎಂದು ಬರೆದಿದ್ದಿರಿ. ನಾನು ನೋಡುತ್ತಲೇ ಇದ್ದೆ. ಕಡಿಮೆಯಾಗುವುದು ತೂಕ ತಾನೆ, ಕಲ್ಲು ಅಷ್ಟೇ ಇರುತ್ತದಲ್ಲ? ಅದು ಹೊಳೆದ ಕ್ಷಣ ಹೊಟ್ಟೆನೋವು ಶುರುವಾಯಿತು. ಆದರೂ ಕಾಲು ತಾನೇ ಎದ್ದು ನಿಂತಿತು. "ಕ... ಕಳ್ಳ" ಅಂದೆ. ಬೆಕ್ಕು ಮಿಯಾವ್ ಅಂದ ಹಾಗಿತ್ತು. ನೀವು ಚಾಕ್ ಬಿಸಾಕಿ ಓಡಿಬಂದಿರಿ. "ಎಲ್ಲಿ, ಎಲ್ಲಿ? ಕಾಲರ್ ಹಿಡಿ, ಬಿಡ್ಬೇಡ!" ಇಡೀ ಕ್ಲಾಸು ನಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಜನ ನಗುವಾಗ ನಾನೂ ಜೊತೆಗೆ ನಕ್ಕೆ. ಅಂದಿನಿಂದ ನಾನು ನಿಮಗೆ ಇನ್ಸ್‌ಪೆಕ್ಟರ್.

ಆ ಟಿನ್ನುಗಳು ನೆನಪಿವೆಯಾ? ಮೆಸ್‌ನಿಂದ ಖಾಲಿ ಹಾಲಿನಪುಡಿ ಟಿನ್ನುಗಳನ್ನು ಬೇಡಿ ತಂದಿದ್ದಿರಿ. ಒಂದಕ್ಕೆ ಒದ್ದೆ ಮರಳನ್ನು ಗಟ್ಟಿಯಾಗಿ ತುಂಬಿ ಮುಚ್ಚಳ ಹಾಕಿದಿರಿ, ಇನ್ನೊಂದನ್ನು ಖಾಲಿ ಬಿಟ್ಟಿರಿ. ಡ್ರಾಯಿಂಗ್ ಬೋರ್ಡನ್ನು ಬೆಂಚಿಗೆ ಓರೆಯಾಗಿ ಒರಗಿಸಿ, ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ಕೆಳಗೆ ಬರುತ್ತದೆ ಎಂದು ಕೇಳಿದಿರಿ. ಕ್ಲಾಸು ಎರಡು ಪಕ್ಷವಾಯಿತು, ಜಗಳವಾಯಿತು. ತುಂಬಿದ್ದೇ ಗೆದ್ದಿತು. ಭಾರಕ್ಕೆ ಗೆದ್ದಿದೆ ಎಂದು ಆ ಪಕ್ಷದವರು ಕುಣಿದರು. ನೀವು ತಕ್ಷಣ ಒಂದು ಪುಟ್ಟ ಟಿನ್ನಿಗೂ ಮರಳು ತುಂಬಿ ದೊಡ್ಡದರ ಪಕ್ಕ ಉರುಳಿಸಿದಿರಿ. ಎರಡೂ ಒಟ್ಟಿಗೇ ಬಂದವು. ಕುಣಿದವರೆಲ್ಲ ತೆಪ್ಪಗಾದರು. ಉರುಳುವ ವಸ್ತುವಿಗೆ ತಿರುಗಲು ಮನಸ್ಸಿರುವುದಿಲ್ಲ, ಅದಕ್ಕೆ ಒಂದು ಮೊಂಡುತನ ಇರುತ್ತದೆ ಅಂದಿರಿ. ಪುಸ್ತಕದಲ್ಲಿ ಮೊಮೆಂಟ್ ಆಫ್ ಇನರ್ಶಿಯಾ ಎಂದು ಮೂರು ಗಡುಸು ಪದಗಳಲ್ಲಿ ಇದ್ದದ್ದಕ್ಕೆ ನೀವು ಇಟ್ಟ ಹೆಸರು ಅದೇ, ತಿರುಗೋ ಮೊಂಡು. "ಒಳಗೆ ತುಂಬಿಕೊಂಡಿರೋದು ಅರ್ಧ ಮೊಂಡು. ಟೊಳ್ಳಾಗಿರೋದು ಪೂರ್ತಿ ಮೊಂಡು. ಮನುಷ್ಯರೂ ಅಷ್ಟೇ, ಹೋಗ್ಲಿ ಬಿಡಿ, ಅದು ಸಿಲಬಸ್ಸಲ್ಲಿಲ್ಲ." ಆ ಅರ್ಧ ನನ್ನ ತಲೆಯಲ್ಲಿ ಕೂತದ್ದಲ್ಲ ಮಿಸ್, ಕಣ್ಣಲ್ಲಿ ಕೂತದ್ದು. ಇವತ್ತು ನಾನು ಅನುಭವಿಸುತ್ತಿರುವುದೆಲ್ಲ ಆ ಅರ್ಧದ ದೆಸೆಯಿಂದ.

ಆಮೇಲೆ ಪೇರೆಂಟ್ಸ್ ಮೀಟಿಂಗ್.

ಅದನ್ನು ಬರೆಯುವಾಗ ಇನ್ನೂ ಕೈ ಬಿಸಿಯಾಗುತ್ತದೆ. ನಮ್ಮ ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗನ ಅಪ್ಪ ಡೆಂಟಿಸ್ಟ್. ಎದ್ದು ನಿಂತು ಮಗನ ನೋಟ್ಸನ್ನು ಎತ್ತಿ ಹಿಡಿದರು. "ನಿಮ್ಮ ಮೇಡಂ ಬೋರ್ಡ್ ಮೇಲೆ ತಪ್ಪು ಬರೀತಾರಂತೆ. ನನ್ನ ಮಗ ಅದನ್ನೇ ಕಾಪಿ ಮಾಡ್ಕೊಂಡು ಟೆಸ್ಟಲ್ಲಿ ಬರೆದಿದ್ದಾನೆ. ನಾನು ಮೊದಲು ಪಕ್ಕದ ಹಲ್ಲು ಕಿತ್ತು, ಆಮೇಲೆ 'ಕಳ್ಳನ್ನ ಹಿಡೀರಿ ನೋಡೋಣ' ಅಂದ್ರೆ ನೀವು ಸುಮ್ನಿರ್ತೀರಾ?" ಹಾಲ್ ತುಂಬ ನಗು. ಕೆಲವರು ಚಪ್ಪಾಳೆ ಕೂಡ ತಟ್ಟಿದರು. ಪ್ರಿನ್ಸಿಪಾಲರು ನಿಮ್ಮ ಕಡೆ ತಿರುಗಿದರು.

ನಾವೆಲ್ಲ ಗೋಡೆ ಪಕ್ಕ ನಮ್ಮ ನಮ್ಮ ಮನೆಯವರ ಜೊತೆ ನಿಂತಿದ್ದೆವು. ನೀವು ಈಗ ಏನು ಹೇಳುತ್ತೀರಿ ಎಂದು ನನಗೆ ಗೊತ್ತಿತ್ತು. ಆ ಹುಡುಗ ಕಳ್ಳನನ್ನು ಹಿಡಿಯದೆ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿದ್ದಾನೆ ಎನ್ನುತ್ತೀರಿ. ಪಾಠ ಮುಗಿಯುವ ಮುಂಚೆ ಪ್ರತಿ ತಪ್ಪನ್ನೂ ಎಲ್ಲರೆದುರು ತಿದ್ದುತ್ತೇನೆ, ಅವನು ಆಗ ಗಣಿತದ ಹೋಂವರ್ಕ್ ಬರೆಯುತ್ತಾ ಕೂತಿರುತ್ತಾನೆ ಎನ್ನುತ್ತೀರಿ. ಹಾಲ್ ಇನ್ನೂ ಜೋರಾಗಿ ನಗುತ್ತದೆ, ಈ ಸಲ ನಿಮ್ಮ ಪರವಾಗಿ. ನಾನು ಕಾಯುತ್ತಿದ್ದೆ. ನೀವು ಬಾಯಿ ತೆರೆದಿರಿ.

"ಸಾರಿ ಸರ್. ಇನ್ಮೇಲೆ ಆಗಲ್ಲ."

ಅಷ್ಟೇ. ಹೇಳಿ ಒಂದು ಸಣ್ಣ ನಗು ನಕ್ಕಿರಿ. ಅಂಗಡಿಯವರು ಚಿಲ್ಲರೆ ಇಲ್ಲ ಎನ್ನುವಾಗ ನಗುತ್ತಾರಲ್ಲ, ಆ ನಗು. ನಾನು ಅಮ್ಮನ ಕೈ ಹಿಂಡಿದ್ದೆ ಅನ್ನಿಸುತ್ತದೆ, "ಏನೇ ಇದು, ನಿನಗಿಲ್ದಿರೋ ಉಗುರು ಎಲ್ಲಿಂದ ಬಂತೇ" ಎಂದು ಅಮ್ಮ ಕೈ ಬಿಡಿಸಿಕೊಂಡಳು.

ಮಾರನೆಯ ದಿನ ನೀವು ಗೈಡ್ ಹಿಡಿದುಕೊಂಡು ಬಂದಿರಿ. ಕೂತು ಓದಿಸಿದಿರಿ. ನಾನು ಪ್ರತಿ ಸಾಲನ್ನೂ ಸೋಸಿದೆ. ಬೆಲ್ ಹೊಡೆಯಿತು. ಎಲ್ಲ ಸಾಲೂ ಸರಿಯಿತ್ತು. ಅಷ್ಟು ಸರಿಯಾದ ಪಾಠವನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಅಷ್ಟು ಸತ್ತ ಪಾಠವನ್ನೂ ಕೇಳಿರಲಿಲ್ಲ. ನಾಲ್ಕಾರು ದಿನ ಹೀಗೇ ಆದ ಮೇಲೆ ನಿಮ್ಮ ಹಿಂದೆ ಸ್ಟಾಫ್‌ರೂಮಿನ ತನಕ ಬಂದು "ಇವತ್ತೂ ಕಳ್ಳ ಇಲ್ವಾ ಮಿಸ್?" ಎಂದು ಕೇಳಿದೆ. ಎಷ್ಟು ಧೈರ್ಯ ಬೇಕಾಗಿತ್ತು ಗೊತ್ತಾ ಅದಕ್ಕೆ? ನೀವು ಪೇಪರ್ ತಿದ್ದುತ್ತಾ ತಲೆಯೆತ್ತದೆ ಹೇಳಿದಿರಿ, "ಸಾಕಮ್ಮ ಅವೆಲ್ಲ. ಪೋರ್ಷನ್ ಮುಗೀಬೇಕು."

ಮುಗಿಯಿತು ಬಿಡಿ. ಆ ವರ್ಷವೂ ಮುಗಿಯಿತು, ಅದರ ಮುಂದಿನದ್ದೂ. ಹಿಂದಿನ ಬೆಂಚಿನವರು ಮೊದಲು ನಿದ್ದೆ ಹೋದರು, ಆಮೇಲೆ ನಡುವಿನವರು. ಹಿಂದೆ ಬಸ್ಸಿನ ಚಕ್ರ, ಬಾತ್‌ರೂಮಿನ ಕೊಳಾಯಿ ಎಲ್ಲದರ ಬಗ್ಗೆಯೂ ಜಗಳವಾಡುತ್ತಿದ್ದವರು "ಇದು ಎಕ್ಸಾಮಿಗೆ ಬರುತ್ತಾ ಮಿಸ್?" ಎಂದು ಕೇಳುವುದನ್ನು ಕಲಿತರು. ನೀವು ಬರುತ್ತೆ, ಬರಲ್ಲ ಎಂದು ಹೇಳುವುದನ್ನು ಕಲಿತಿರಿ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಯಾವುದು ಹೇಳಲಾ? ರಿಸಲ್ಟ್ ಚೆನ್ನಾಗಿಯೇ ಬಂತು. ಗೇಟಿಗೆ ಬ್ಯಾನರ್ ಕಟ್ಟಿದರು. ಡೆಂಟಿಸ್ಟ್ ಗೆದ್ದರು.

ಮತ್ತೆ ನಾನ್ಯಾಕೆ ಫಿಸಿಕ್ಸ್ ತಗೊಂಡೆ? ಒಂಬತ್ತನೇ ತರಗತಿಯ ಆ ಅರ್ಧ ವರ್ಷವನ್ನು ನಂಬಿಕೊಂಡು. ಅಮ್ಮ ನರ್ಸಿಂಗ್ ಅಂದಳು, ಅಪ್ಪ ಹಡಗಿನಿಂದ ಫೋನ್ ಮಾಡಿ ಕಾಮರ್ಸ್ ಅಂದರು. ನಾನು ಯಾರ ಮಾತೂ ಕೇಳಲಿಲ್ಲ. ಆ ಹುರುಪು ನನ್ನೊಳಗೆ ಎಲ್ಲೋ ಇದೆ, ಕಾಲೇಜಿಗೆ ಹೋದರೆ ಎದ್ದು ಬರುತ್ತದೆ ಎಂದುಕೊಂಡಿದ್ದೆ.

ಇಲ್ಲಿ ಒಂದು ದೊಡ್ಡ ಹಾಲ್. ಸಿನಿಮಾ ಥಿಯೇಟರಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ. ಕೆಳಗೆ, ದೂರದಲ್ಲಿ, ನಮ್ಮ ಲೆಕ್ಚರರ್. ಅವರು ಸ್ಲೈಡ್ ಹಾಕಿ, ಅದರಲ್ಲಿರುವುದನ್ನೇ ಓದಿ, ಮುಂದಿನ ಸ್ಲೈಡ್ ಹಾಕುತ್ತಾರೆ. ಸೀನಿಯರುಗಳು ಅವರಿಗಿಟ್ಟ ಹೆಸರು ರಿವೈಂಡ್ ಸರ್. ಹೋದ ವರ್ಷದ ಜೋಕು, ಹೋದ ವರ್ಷದ ಕೆಮ್ಮು, ಎಲ್ಲ ಅದೇ ಜಾಗದಲ್ಲಿ ಬರುತ್ತದಂತೆ. ಮೊದಮೊದಲು ಮುಂದೆ ಕೂರುತ್ತಿದ್ದೆ. ಆಮೇಲೆ ನಡುವೆ. ಆಮೇಲೆ ಬಾಗಿಲ ಹತ್ತಿರ. ಪುಸ್ತಕ ತೆರೆದರೆ ಅಕ್ಷರ ಕಾಣುತ್ತದೆ, ಒಳಗೆ ಏನೂ ಅಲ್ಲಾಡುವುದಿಲ್ಲ. ಬೆಳಗ್ಗೆ ಏಳಲು ಮನಸ್ಸಿಲ್ಲ. ಹಳೆಯ ಹೊಟ್ಟೆನೋವು ವಾಪಸ್ಸು ಬಂತು. ಸ್ನಾನದ ಮನೆಯ ಕನ್ನಡಿಯ ಮುಂದೆ ಹಲ್ಲುಜ್ಜುತ್ತಾ ಒಂದು ಬೆಳಗ್ಗೆ ಹೊಳೆಯಿತು: ನನಗೆ ಫಿಸಿಕ್ಸ್ ಇಷ್ಟವಿರಲೇ ಇಲ್ಲ. ನಿಮಗೆ ಫಿಸಿಕ್ಸ್ ಇಷ್ಟವಿತ್ತು, ಅದು ನನಗೆ ಇಷ್ಟವಾಗಿತ್ತು. ನಿಮ್ಮ ಜ್ವರವನ್ನು ನನ್ನ ಮೈಬಿಸಿ ಎಂದುಕೊಂಡು ಇಷ್ಟು ದೂರ ನಡೆದು ಬಂದಿದ್ದೆ. ಬಾಯಲ್ಲಿ ನೊರೆ ಇಟ್ಟುಕೊಂಡು ಅಲ್ಲೇ ಅತ್ತೆ ಮಿಸ್. ಅವತ್ತು ನಿಮ್ಮ ಮೇಲೆ ಬಂದಷ್ಟು ಸಿಟ್ಟು ಡೆಂಟಿಸ್ಟ್ ಮೇಲೂ ಬಂದಿರಲಿಲ್ಲ.

ಕೋರ್ಸ್ ಬಿಡೋಣ ಎಂದು ಯೋಚಿಸುತ್ತಿದ್ದಾಗಲೇ ಆ ಸ್ಲೈಡ್ ಬಂದದ್ದು. ಇಳಿಜಾರಿನಲ್ಲಿ ಉರುಳುವ ಸಿಲಿಂಡರ್. ಘನ ಸಿಲಿಂಡರ್ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಕೆಳಗೆ ಅದರ ತಿರುಗೋ ಮೊಂಡಿನ ಸೂತ್ರ. ನಾನು ಅರೆನಿದ್ದೆಯಲ್ಲಿದ್ದೆ. ಕಣ್ಣು ಸೂತ್ರದ ಮೇಲೆ ಹಾಯಿತು, ವಾಪಸ್ಸು ಬಂತು. ಮುಂದಿರಬೇಕಾದ ಅರ್ಧ ಇಲ್ಲ. ಒಳಗೆ ತುಂಬಿದ ವಸ್ತುವಿಗೆ ಟೊಳ್ಳಿನ ಲೆಕ್ಕ ಹಾಕಿದ್ದಾರೆ. ಹೀಗಾದರೆ ಆ ಮರಳಿನ ಟಿನ್ನೂ ಖಾಲಿ ಟಿನ್ನೂ ಒಟ್ಟಿಗೇ ಬರಬೇಕಲ್ಲ, ಬರಲಿಲ್ಲವಲ್ಲ, ನಾನೇ ನೋಡಿದ್ದೇನಲ್ಲ! ತಿಂಗಳುಗಳ ನಂತರ ಮೈಯೆಲ್ಲ ಎಚ್ಚರವಾಯಿತು. ಏನು ಮಾಡುತ್ತಿದ್ದೇನೆ ಎಂದು ಗೊತ್ತಾಗುವ ಮುಂಚೆ ಎದ್ದು ನಿಂತಿದ್ದೆ. ಕೈ ಎತ್ತಲಿಲ್ಲ. ಎಕ್ಸ್‌ಕ್ಯೂಸ್ ಮಿ ಅನ್ನಲಿಲ್ಲ.

"ಕಳ್ಳ!"

ಈ ಸಲ ಬೆಕ್ಕಿನ ದನಿಯಲ್ಲ. ಹಾಲಿನ ಮೂಲೆಮೂಲೆಗೂ ಕೇಳಿಸಿತು.

ರಿವೈಂಡ್ ಸರ್ ಪಾಯಿಂಟರನ್ನು ಮೇಜಿನ ಮೇಲಿಟ್ಟರು. "ಯಾರದು?" ಇಡೀ ಹಾಲ್ ನನ್ನ ಕಡೆ ತಿರುಗಿತು. "ಏನಂದೆ? ಇನ್ನೊಂದ್ಸಲ ಹೇಳು." ನಾನು ವಿವರಿಸಬೇಕೆಂದುಕೊಂಡೆ. ಬಾಯಿಂದ ಬಂದದ್ದು, "ಅರ್ಧ ಕದ್ದಿದ್ದಾರೆ ಸರ್." ಯಾರೋ ಕಿಸಕ್ಕನೆ ನಕ್ಕರು. "ಯಾರಮ್ಮಾ ಕದ್ದೋರು? ನಾನಾ? ನಾನು ಕಳ್ಳನಾ?" "ಅಲ್ಲ ಸರ್, ಆ ಸಾಲು ಕಳ್ಳ." ಆಗ ಸಿಡಿದ ನಗುವಿಗೆ ಪ್ರೊಜೆಕ್ಟರ್ ಕೂಡ ಅಲ್ಲಾಡಿರಬೇಕು. ಅವರ ಮುಖ ಕೆಂಪಾಗಿ, ಆಮೇಲೆ ಬಿಳಿಯಾಯಿತು. "ಹೊರಗೆ" ಅಂದರು.

ಭೂಮಿಯ ಮೇಲೆ ಈ ತಪ್ಪು ಮಾಡಬಲ್ಲವರು ನಿಮ್ಮ ಒಂಬತ್ತನೇ ಕ್ಲಾಸಿನವರು ಮಾತ್ರ. ಬೇರೆ ಯಾವ ಮಗುವೂ ಮೇಷ್ಟ್ರ ಮುಖ ನೋಡಿ ಕಳ್ಳ ಎಂದು ಕೂಗುವುದಿಲ್ಲ. ಹೊರಗಿನ ಲೋಕದಲ್ಲಿ ಈ ಆಟ ಯಾರೂ ಆಡುವುದಿಲ್ಲ ಎಂದು ನೀವು ಒಂದು ಮಾತು ಹೇಳಬೇಡವಾ?

ಮಾರನೆಯ ದಿನ ಸ್ಟಾಫ್‌ರೂಮಿಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ. ನಮ್ಮ ಸ್ಕೂಲಿನಲ್ಲಿ ತಪ್ಪಿಗೆ ಕಳ್ಳ ಅನ್ನುತ್ತಿದ್ದೆವು ಸರ್, ನಿಮಗಲ್ಲ, ಎಂದು. ಅವರು ಟೀ ಕಲಕುತ್ತಾ ಕೇಳಿಸಿಕೊಂಡರು. ನಾನು ಅಂದುಕೊಂಡಷ್ಟು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಹೇಳಿದರು, "ಅರ್ಧ ಬಿಟ್ಟುಹೋಗಿದೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಆ ಸ್ಲೈಡ್ ಮಾಡಿದಾಗಿಂದ ಬಿಟ್ಟುಹೋಗಿದೆ. ಇಷ್ಟು ವರ್ಷ ಒಬ್ರೂ ಕೇಳ್ಲಿಲ್ಲ. ಯಾರೂ ನೋಡ್ದೇ ಇರೋದನ್ನ ಯಾರಿಗೋಸ್ಕರ ತಿದ್ದಲಿ?"

ಅವರ ಕುರ್ಚಿಯ ಹಿಂದೆ ಗೋಡೆಗೆ ಒಂದು ಸೈಕಲ್ ಚಕ್ರ ಒರಗಿತ್ತು. ಬರೀ ಚಕ್ರ, ನಡುವೆ ಎರಡೂ ಕಡೆ ಮರದ ಹಿಡಿ. ಅದನ್ನು ಜೋರಾಗಿ ತಿರುಗಿಸಿ, ತಿರುಗುವ ಕುರ್ಚಿಯ ಮೇಲೆ ಕೂತು ಓರೆ ಮಾಡಿದರೆ ಕುರ್ಚಿಯೇ ತಿರುಗುತ್ತದೆ. ನೀವೂ ಒಂದು ಮಾಡಿಸಬೇಕೆಂದಿದ್ದಿರಿ. ಅಂದರೆ ಈ ಮನುಷ್ಯ ಯಾವತ್ತೋ ಒಂದು ದಿನ ಚಕ್ರ ಹೊತ್ತುಕೊಂಡು ಕ್ಲಾಸಿಗೆ ಹೋಗಿದ್ದರು. ಈಗ ಅದರ ಹಿಡಿಗೆ ಅವರ ಕೋಟು ನೇತುಹಾಕಿತ್ತು.

ಆ ಕೋಟನ್ನು ನೋಡುತ್ತಾ ನನಗೆ ಕಾಣಿಸಿದ್ದು ನೀವು. ಇನ್ನು ಕೆಲವೇ ವರ್ಷ. ನಿಮ್ಮ ಟಿನ್ನಿನಲ್ಲಿ ಪೆನ್ನು ನಿಂತಿರುತ್ತದೆ.

ಸರ್ ಹೇಳಿದರು, ಇಷ್ಟು ಜನರ ಮುಂದೆ ಆದದ್ದು, ವಿಷಯ ಮೇಲಿನವರ ತನಕ ಹೋಗಿದೆ, ಎರಡು ಸಾಲು ಬರೆದುಕೊಟ್ಟರೆ ಇಲ್ಲೇ ಮುಗಿಸುತ್ತೇನೆ. ಒಂದು, ತರಗತಿಯಲ್ಲಿ ಆಡಬಾರದ ಮಾತಾಡಿದೆ, ಕ್ಷಮಿಸಿ. ಎರಡು, ಪಾಠದಲ್ಲಿ ತಪ್ಪಿರಲಿಲ್ಲ, ನಾನೇ ತಪ್ಪು ತಿಳಿದೆ. ಕೊಡುವ ತನಕ ಲ್ಯಾಬಿಗೆ ಪ್ರವೇಶವಿಲ್ಲ. ಲ್ಯಾಬ್ ಇಲ್ಲದಿದ್ದರೆ ವರ್ಷ ಹೋಯಿತು.

ಅಮ್ಮನಿಗೆ ಫೋನ್ ಮಾಡಿದೆ. "ಬರ್ಕೊಡೇ ತಾಯಿ. ಸಾರಿ ಅನ್ನೋಕೆ ಏನು ಕೂಲಿ ಕೊಡ್ಬೇಕಾ? ನಾನು ದಿನಾ ಡಾಕ್ಟರ್‌ಗಳಿಗೆ ಹೇಳ್ತೀನಿ, ಅವ್ರ ತಪ್ಪಿಗೂ ನಾನೇ ಹೇಳ್ತೀನಿ." ನನ್ನ ರೂಮ್‌ಮೇಟ್‌ಗೆ ನಾನಿಟ್ಟ ಹೆಸರು ಗೊರಕೆ. ಅವಳು ಎದ್ದಿರುವಾಗ ಮಾತ್ರ ಬಹಳ ಚುರುಕು. "ಲೇ, ಅರ್ಧಕ್ಕೋಸ್ಕರ ಪೂರ್ತಿ ವರ್ಷ ಕಳ್ಕೋತೀಯಾ? ನಿಂಗೆ ಲೆಕ್ಕ ಬರುತ್ತೆ ಅಂತ ಯಾರೇ ಹೇಳಿದ್ದು?" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಹತ್ತಿರ ಬಂದು ಕೂತಳು.

ಬರೆಯಲು ಕೂತೆ. ಮೊದಲ ಸಾಲು ಸಲೀಸಾಗಿ ಬಂತು. ಅದು ನಿಜ ತಾನೆ, ಅವರಿಗೆ ನೋವಾಗಿದೆ. ಎರಡನೇ ಸಾಲಿಗೆ ಪೆನ್ನು ಹೋಗಲಿಲ್ಲ. ಧೈರ್ಯದಿಂದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ, ನನಗೆ ಧೈರ್ಯ ಇಲ್ಲವೆಂದು ನಿಮಗೆ ಗೊತ್ತು. ಲೆಕ್ಕ ಹಾಕಿ ನೋಡಿದೆ, ಈ ಕಾಲೇಜಿಗೆ ಬಂದ ಮೇಲೆ ನಾನಾಗಿ ನಾನು ಕಂಡದ್ದು ಅದೊಂದೇ. ಆಗ ಪಕ್ಕದಲ್ಲಿ ನೀವಿರಲಿಲ್ಲ. ಕಾಲರ್ ಹಿಡಿ ಎಂದು ಕೂಗುವವರು ಯಾರೂ ಇರಲಿಲ್ಲ. ಆದರೂ ಮೈ ಎಚ್ಚರವಾಯಿತು. ಅದು ನಿಮ್ಮ ಜ್ವರವಲ್ಲ, ನನ್ನದೇ. ಅದನ್ನೇ ತಪ್ಪು ಎಂದು ಬರೆದುಕೊಟ್ಟರೆ ಈ ಫಿಸಿಕ್ಸಿನಲ್ಲಿ ನನ್ನದು ಅನ್ನುವುದು ಏನೂ ಉಳಿಯುವುದಿಲ್ಲ. ಆಮೇಲೆ ನರ್ಸಿಂಗಾದರೇನು, ಕಾಮರ್ಸಾದರೇನು.

ಇವತ್ತು ಬೆಳಗ್ಗೆ ಒಂದು ಸಾಲಿನ ಕಾಗದ ಕೊಟ್ಟೆ. ಸರ್ ಓದಿ, ಹಿಂದೆ ತಿರುಗಿಸಿ ನೋಡಿದರು. "ಇನ್ನೊಂದು?"

"ಅದು ಬರೆಯಕ್ಕಾಗಲ್ಲ ಸರ್."

"ಯಾಕೆ?"

ಏನಾದರೂ ದೊಡ್ಡ ಮಾತು ಹೇಳಬಹುದಿತ್ತು. "ಅದು ಉರುಳೋದು ಹಾಗಲ್ಲ ಸರ್" ಎಂದಷ್ಟೇ ಹೇಳಿದೆ. ಅವರು ಆ ಒಂದು ಸಾಲನ್ನು ಮತ್ತೆ ಓದಿದರು. ಬೈಯಲಿಲ್ಲ. ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿ, "ಹಾಗಾದ್ರೆ ಸೋಮವಾರ ಹೆಚ್ಓಡಿ ಮೇಡಂ ಹತ್ರ ಹೋಗು. ನನ್ನ ಕೈಲಿಲ್ಲ" ಅಂದರು. ಅಲ್ಲಿಂದ ನೇರವಾಗಿ ಕ್ಯಾಂಟೀನಿಗೆ ಬಂದೆ. ತಟ್ಟೆ ಹಿಡಿದೆ. ಆಗ ನಿಮ್ಮ ಮೆಸೇಜ್ ಬಂತು. ಮಕ್ಕಳಿಗೆ ಇಂಟರೆಸ್ಟೇ ಇಲ್ಲ, ಬಂದು ಮೋಟಿವೇಟ್ ಮಾಡು.

ಈಗ ಅರ್ಥವಾಯಿತಾ ನನಗ್ಯಾಕೆ ಸಿಟ್ಟು ಬಂತು ಎಂದು?

ಸ್ಟಾಫ್‌ರೂಮಿನಲ್ಲಿ ಒಬ್ಬಳೇ ನಿಂತಾಗ ನನಗೆ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ನಿಮ್ಮನ್ನು ನೆನೆಸಿಕೊಳ್ಳಲು ನೋಡಿದೆ. ಚಾಕ್ ಬಿಸಾಕಿ ಓಡಿಬಂದ ನಿಮ್ಮನ್ನು ಕರೆದರೆ, ಪೇರೆಂಟ್ಸ್ ಮೀಟಿಂಗಿನ ನೀವು ಬಂದು ನಿಂತಿರಿ, ಆ ಚಿಲ್ಲರೆ ಇಲ್ಲದ ನಗು ನಗುತ್ತಾ. ಅದನ್ನು ನಾನು ಕ್ಷಮಿಸಿಲ್ಲ. ನಿಮಗೆ ಕೆಲಸದ ಭಯ ಇದ್ದಿರಬಹುದು, ಮನೆಯಲ್ಲಿ ಏನೇನೋ ಇದ್ದಿರಬಹುದು, ಎಲ್ಲ ಒಪ್ಪುತ್ತೇನೆ. ಆದರೆ ಸಾರಿ ಹೇಳಿದ್ದು ನೀವು, ಅದರ ಶಿಕ್ಷೆ ಮಾತ್ರ ನಮಗೆ. ಡೆಂಟಿಸ್ಟಿಗೆ ಸಾರಿ ಹೇಳಿದಿರಿ. ಹೋಗಲಿ. ನಮಗೆ ಯಾವತ್ತಾದರೂ ಹೇಳಿದಿರಾ? ಅವತ್ತು ಬಾಗಿಲು ಹಾಕಿಕೊಂಡು, ಮಕ್ಕಳೇ ನನ್ನ ಕೈ ಕಟ್ಟಿದ್ದಾರೆ ಎಂದು ಮನೆಮಾತಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾವು ನಿಮ್ಮ ಜೊತೆ ಇರುತ್ತಿದ್ದೆವು. ನಿಮ್ಮ ಬೆಂಕಿ ಆರಿದ್ದಕ್ಕಿಂತ, ಅದು ಎಂದೂ ಇರಲೇ ಇಲ್ಲ ಎನ್ನುವಂತೆ ಕೂತು ಗೈಡ್ ಓದಿದಿರಲ್ಲ, ಅದೇ ಹೆಚ್ಚು ನೋಯಿಸಿದ್ದು.

ನಾನು ಬರುವುದಿಲ್ಲ ಮಿಸ್. ಮೈಕ್ ಹಿಡಿದು ಕನಸು ಕಾಣಿ, ಕಷ್ಟಪಡಿ ಎಂದು ಆ ಮಕ್ಕಳಿಗೆ ನಾನು ಹೇಳುವುದಿಲ್ಲ. ಅವರಿಗೆ ಇಂಟರೆಸ್ಟ್ ಇಲ್ಲವೆಂದು ನಿಮಗೆ ಹೇಗೆ ಗೊತ್ತು? ಅವರ ಮುಂದೆ ನೀವು ಏನಿಟ್ಟಿದ್ದೀರಿ? ಅಲ್ಲಿ ಮೂರನೇ ಬೆಂಚಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತ ಒಬ್ಬಳು ಖಂಡಿತ ಇದ್ದಾಳೆ. ಅವಳಿಗೆ ಹಳೆಯ ವಿದ್ಯಾರ್ಥಿಯ ಭಾಷಣ ಏನೂ ಮಾಡುವುದಿಲ್ಲ. ಅವಳಿಗೆ ಬೇಕಾಗಿರುವುದು ಎದುರಿಗೆ ನಿಂತವರು ನಿಜವಾಗಿ ಬದುಕಿದ್ದಾರೆ ಅನ್ನುವ ಪುರಾವೆ.

ಸೋಮವಾರ ಬೆಳಗ್ಗೆ ನಾನು ಹೆಚ್ಓಡಿ ಮೇಡಂ ಬಾಗಿಲು ತಟ್ಟುತ್ತೇನೆ. ಅವರನ್ನು ನಾನು ನೋಡಿಯೇ ಇಲ್ಲ. ವರ್ಷ ಹೋಗಬಹುದು, ಹೋಗದೆಯೂ ಇರಬಹುದು. ಈಗಿನಿಂದಲೇ ಕರುಳು ಹಿಂಡುತ್ತಿದೆ, ಭಾನುವಾರ ಇಡೀ ದಿನ ಹಿಂಡುತ್ತದೆ. ಆದರೂ ಹೋಗುತ್ತೇನೆ. ನಿಮ್ಮ ಪ್ರಿನ್ಸಿಪಾಲರ ಕೋಣೆಗೂ ಒಂದು ಬಾಗಿಲಿದೆ. ಅವತ್ತು ಕೊಟ್ಟ ಸಾರಿಯನ್ನು ವಾಪಸ್ಸು ಇಸಿದುಕೊಳ್ಳಿ. ಹೇಗೆ ಎಂದು ನನ್ನನ್ನು ಕೇಳಬೇಡಿ, ನಾನು ಇನ್ನೂ ಫಸ್ಟ್ ಇಯರ್, ಟೀಚರ್ ನೀವು. ನೀವು ಹೋದಿರೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ, ಫೋನ್ ಮಾಡಿ ಹೇಳುವುದೂ ಬೇಡ. ನಿಮ್ಮ ಒಂಬತ್ತನೇ ಕ್ಲಾಸಿಗೆ ಗೊತ್ತಾದರೆ ಸಾಕು.

ಪತ್ರದ ಕೊನೆಯಲ್ಲಿ ದೊಡ್ಡವರಿಗೆ ಆರೋಗ್ಯ, ಆಯುಸ್ಸು ಕೋರಬೇಕು. ಅವು ಇರಲಿ ನಿಮಗೆ, ಬೇಕಾದಷ್ಟು ಇರಲಿ. ಆದರೆ ನೆಮ್ಮದಿ ಮಾತ್ರ ಸಿಗದಿರಲಿ. ಗೈಡ್ ತೆರೆದಾಗಲೆಲ್ಲ ನಿಮಗೆ ನಾಚಿಕೆಯಾಗಲಿ, ಕೂತು ಪಾಠ ಮಾಡಿದರೆ ಕಾಲು ಜೋಮು ಹಿಡಿಯಲಿ, ನೀವು ಎದ್ದು ನಿಲ್ಲುವ ತನಕ ಬಿಡದಂಥ ಮಕ್ಕಳು ನಿಮ್ಮ ಕ್ಲಾಸಿಗೆ ಬಂದು ಬಿದ್ದುಕೊಳ್ಳಲಿ. ನನಗೆ ಗೊತ್ತಿರುವ ಹಾರೈಕೆಗಳಲ್ಲಿ ಇದೇ ಒಳ್ಳೆಯದು.

ಸಿಟ್ಟು ಇಳಿಯದ,
ನಿಮ್ಮಿಂದಲೇ ಕೆಟ್ಟ,
ನಿಮ್ಮ ವಿದ್ಯಾರ್ಥಿನಿ